ಒಂದೇ ಗಾತ್ರದ ಹನಿ, ಬೇರೆ ಬೇರೆ ಆಯುಸ್ಸು: ಒಂದು ನ್ಯಾನೊಎಮಲ್ಷನ್ ಪ್ರಕರಣ

ಎರಡು ಗಾಜಿನ ಸೀಸೆಗಳು. ಎರಡರಲ್ಲೂ ನೂರಕ್ಕೆ 20 ಭಾಗ ಎಣ್ಣೆ, 4 ಭಾಗ ಸರ್ಫ್ಯಾಕ್ಟಂಟ್ (ಎಣ್ಣೆಯನ್ನೂ ನೀರನ್ನೂ ಬೆರೆಸಿ ಹಿಡಿಯುವ, ಸಾಬೂನಿನಂಥ ವಸ್ತು), ಉಳಿದದ್ದು ನೀರು. ಮಾಡಿದ ದಿನವೇ ಹನಿಗಳನ್ನು ಅಳೆದರೆ ಎರಡರಲ್ಲೂ ತ್ರಿಜ್ಯ 60ರಿಂದ 70 ನ್ಯಾನೊಮೀಟರ್. ಆದರೆ ಒಂದು ಬೇಗ ಕೆಡುತ್ತದೆ, ಇನ್ನೊಂದು ತಡೆದುಕೊಳ್ಳುತ್ತದೆ. ಬೇಗ ಕೆಡುವುದು ಯಾವುದು ಗೊತ್ತಾ? ಪುಸ್ತಕದ ನಿಯಮ ನೋಡಿದರೆ ಜಾಸ್ತಿ ದಿನ ಬಾಳಬೇಕಾಗಿದ್ದ ಸೀಸೆಯೇ.

ಇದು ಸ್ಪೇನಿನ ಬಾರ್ಸಿಲೋನಾದ ಪ್ರಕರಣ. ಅಲ್ಲಿ ಕೊನ್ಶೀತಾ ಸೊಲಾನ್ಸ್ ಅವರ ತಂಡ ನ್ಯಾನೊಎಮಲ್ಷನ್‌ಗಳ ಮೇಲೆ ಬಹಳ ವರ್ಷ ಕೆಲಸ ಮಾಡಿದೆ. ಇಸ್ಕಿಯೆರ್ಡೊ, ಎಸ್ಕೆನಾ, ಟಾಡ್ರೋಸ್ ಮತ್ತಿತರರು ಸೇರಿ 2002ರಿಂದ 2005ರ ನಡುವೆ ಒಂದು ಸಾಲು ಪ್ರಯೋಗಗಳನ್ನು ಪ್ರಕಟಿಸಿದರು. ಫಾರ್ಮುಲೇಷನ್ ಲ್ಯಾಬ್‌ನಲ್ಲಿ ದಿನ ಕಳೆಯುವ ನನಗೆ ಆ ಸಾಲಿನಲ್ಲಿ ತುಂಬ ಹಿಡಿಸಿದ್ದು ಈ ಎರಡು ಸೀಸೆಗಳ ಕತೆ. ನಮ್ಮಲ್ಲಿ ಯಾರನ್ನೇ ಕೇಳಿ, ಎಮಲ್ಷನ್ ಹೇಗಿದೆ ಅಂದರೆ ಮೊದಲು ಹೇಳುವುದು ಹನಿಯ ಗಾತ್ರವನ್ನು. ಗಾತ್ರ ಚಿಕ್ಕದಿದ್ದರೆ ಖುಷಿ, ದೊಡ್ಡದಿದ್ದರೆ ಬೇಜಾರು. ಆ ಒಂದು ಸಂಖ್ಯೆಯನ್ನು ಎಷ್ಟು ನಂಬಬಹುದು ಅನ್ನುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಮಗುಚುವುದು ಅಂದರೆ ಏನು

ನೀರಿನಲ್ಲಿ ಎಣ್ಣೆಯ ಹನಿ ತೇಲಿಸಿದರೆ ಅದು ಎಮಲ್ಷನ್. ಹನಿಗಳು ಸುಮಾರು 200 ನ್ಯಾನೊಮೀಟರಿಗಿಂತ ಕೆಳಗಿದ್ದರೆ ನ್ಯಾನೊಎಮಲ್ಷನ್ ಅನ್ನುತ್ತೇವೆ. ಇನ್ನೂ ಚಿಕ್ಕದಾದರೆ ಹಾಲಿನ ಬಿಳುಪು ಹೋಗಿ ಒಂದು ತರಹದ ನೀಲಿ ಹೊಳಪು ಬರುತ್ತದೆ. ಎಷ್ಟೇ ಚೆಂದ ಕಂಡರೂ ಅದು ತಾನಾಗಿ ಹಾಗೇ ಇರುವ ವಸ್ತುವಲ್ಲ. ಇವತ್ತಲ್ಲ ನಾಳೆ ಎಣ್ಣೆ, ನೀರು ಬೇರೆ ಆಗಲೇಬೇಕು. ನಾವು ಮಾಡುವುದು ಆ ನಾಳೆಯನ್ನು ಮುಂದಕ್ಕೆ ಹಾಕುವ ಕೆಲಸ ಅಷ್ಟೇ.

ಇಷ್ಟು ಚಿಕ್ಕ ಹನಿ ಮಾಡಲು ಒಂದು ದಾರಿ ಬಲಪ್ರಯೋಗ. ಹೈ ಪ್ರೆಷರ್ ಹೋಮೊಜೆನೈಸರ್‌ನಲ್ಲಿ ನೂರಾರು ಬಾರ್ ಒತ್ತಡ ಹಾಕಿ ಕಿರಿದಾದ ಸಂದಿಯಲ್ಲಿ ನುಗ್ಗಿಸುವುದು. ಇನ್ನೊಂದು ದಾರಿಯಲ್ಲಿ ದುಬಾರಿ ಯಂತ್ರ ಬೇಡ. ಬಿಸಿನೀರಿನ ತೊಟ್ಟಿ, ಕಲಕುವ ಮೋಟರ್, ಒಂದು ಬಕೆಟ್ ಐಸ್ ಸಾಕು. ಬಿಸಿಯಲ್ಲಿ ಎಮಲ್ಷನ್ ತಾನೇ ಮಗುಚಿಕೊಳ್ಳುತ್ತದೆ. ಮಗುಚುವ ಕ್ಷಣದಲ್ಲಿ ಹಿಡಿದು ತಣಿಸಿಬಿಡಬೇಕು.

ಮಗುಚುವುದು ನಮ್ಮ ಅಡುಗೆಮನೆಗೆ ಹೊಸದಲ್ಲ. ಕೆನೆ ಅಂದರೆ ನೀರಿನಲ್ಲಿ ತೇಲುವ ಕೊಬ್ಬಿನ ಹನಿಗಳು. ಬೆಣ್ಣೆ ಅಂದರೆ ಕೊಬ್ಬಿನೊಳಗೆ ಸಿಕ್ಕಿಕೊಂಡ ನೀರಿನ ಹನಿಗಳು. ಕಡಗೋಲು ಆಡಿಸುತ್ತ ಅಜ್ಜಿ ಮಾಡುತ್ತಿದ್ದದ್ದು ಒಂದನ್ನು ಇನ್ನೊಂದಾಗಿ ಮಗುಚುವ ಕೆಲಸವನ್ನೇ. ಬೇಸಿಗೆಯಲ್ಲಿ ತಣ್ಣೀರು, ಚಳಿಗಾಲದಲ್ಲಿ ಬೆಚ್ಚನೆಯ ನೀರು ಹಾಕಿದರೆ ಬೆಣ್ಣೆ ಬೇಗ ಬರುತ್ತದೆ ಅಂತ ಅವರಿಗೆ ಗೊತ್ತಿತ್ತು. ಅಲ್ಲಿ ಕೈ ಹಿಡಿಯುವುದು ಅರ್ಧ ಗಟ್ಟಿಯಾದ ಕೊಬ್ಬು, ಇಲ್ಲಿ ಸರ್ಫ್ಯಾಕ್ಟಂಟ್. ಕಾರಣ ಬೇರೆ, ಆದರೆ ಉಷ್ಣತೆ ಸರಿಯಿಲ್ಲದಿದ್ದರೆ ಎಷ್ಟು ಕಡೆದರೂ ಪ್ರಯೋಜನವಿಲ್ಲ ಅನ್ನುವುದು ಎರಡಕ್ಕೂ ಒಂದೇ.

ಸರ್ಫ್ಯಾಕ್ಟಂಟ್ ಅಣುವಿಗೆ ಒಂದು ತುದಿಯಲ್ಲಿ ಎಣ್ಣೆ ಇಷ್ಟ, ಇನ್ನೊಂದು ತುದಿಯಲ್ಲಿ ನೀರು ಇಷ್ಟ. ಬಾರ್ಸಿಲೋನಾದವರು ಬಳಸಿದ್ದು ಸಿ12ಇ4 ಎಂಬುದನ್ನು. ಹನ್ನೆರಡು ಇಂಗಾಲದ ಬಾಲ, ಅದರ ತಲೆಗೆ ನಾಲ್ಕು ಎಥಿಲೀನ್ ಆಕ್ಸೈಡ್ ಕೊಂಡಿ. ತಣ್ಣಗಿರುವಾಗ ಆ ಕೊಂಡಿಗಳಿಗೆ ನೀರಿನ ಅಣುಗಳು ಅಂಟಿಕೊಂಡು ತಲೆ ದಪ್ಪಗಿರುತ್ತದೆ. ತಲೆ ದಪ್ಪ, ಬಾಲ ಸಣ್ಣ ಆದಾಗ ಪದರ ಎಣ್ಣೆಯ ಕಡೆಗೆ ಬಾಗಿ ಎಣ್ಣೆಯನ್ನು ಸುತ್ತುತ್ತದೆ. ಬಿಸಿ ಏರಿದ ಹಾಗೆ ನೀರು ಬಿಟ್ಟು ಹೋಗುತ್ತದೆ, ತಲೆ ಸೊರಗುತ್ತದೆ. ಆಗ ಅದೇ ಸರ್ಫ್ಯಾಕ್ಟಂಟ್ ಎಣ್ಣೆಯ ಪಕ್ಷ ಸೇರಿ ನೀರನ್ನೇ ಸುತ್ತಲು ಶುರು ಮಾಡುತ್ತದೆ. ಇವೆರಡರ ನಡುವೆ ಒಂದು ಉಷ್ಣತೆಯಲ್ಲಿ ಅದು ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಅದೇ ಮಗುಚುವ ಉಷ್ಣತೆ, ಲ್ಯಾಬ್ ಮಾತಿನಲ್ಲಿ ಪಿಐಟಿ.

ಇದನ್ನು ಮೊದಲು ಸರಿಯಾಗಿ ಹಿಡಿದವರು ಜಪಾನಿನ ಕೋಜೋ ಶಿನೋಡಾ. 1964ರಲ್ಲಿ ಅರಾಯ್ ಜೊತೆ ಮಗುಚುವ ಉಷ್ಣತೆಯ ಬಗ್ಗೆ ಬರೆದರು. 1969ರಲ್ಲಿ ಸೈತೋ ಜೊತೆ ಅದನ್ನೇ ಎಮಲ್ಷನ್ ಮಾಡುವ ವಿಧಾನವಾಗಿ ತೋರಿಸಿದರು. ಅದಕ್ಕೆ ಮುಂಚೆ, 1949ರಿಂದ, ಎಲ್ಲರೂ ಗ್ರಿಫಿನ್ ಕೊಟ್ಟ ಎಚ್‌ಎಲ್‌ಬಿ ಸಂಖ್ಯೆ (ಸರ್ಫ್ಯಾಕ್ಟಂಟಿಗೆ ನೀರು ಎಷ್ಟು ಇಷ್ಟ, ಎಣ್ಣೆ ಎಷ್ಟು ಇಷ್ಟ ಅನ್ನುವ ಅಳತೆ) ನೋಡಿ ಸರ್ಫ್ಯಾಕ್ಟಂಟ್ ಆರಿಸುತ್ತಿದ್ದರು. ಆ ಸಂಖ್ಯೆ ಚಳಿಗೂ ಬಿಸಿಗೂ ಒಂದೇ. ಈ ಜಾತಿಯ ಸರ್ಫ್ಯಾಕ್ಟಂಟ್ ಹಾಗಲ್ಲ, ಬಿಸಿ ಬದಲಾದರೆ ಅದರ ಗುಣವೇ ಬದಲು ಅಂತ ಶಿನೋಡಾ ತೋರಿಸಿದರು. ಇಂದಿಗೂ ಡಬ್ಬಿಯ ಮೇಲಿನ ಎಚ್‌ಎಲ್‌ಬಿ ನೋಡಿ ಪಿಐಟಿ ಪ್ರಯೋಗಕ್ಕೆ ಇಳಿಯುವವರನ್ನು ಕಂಡಾಗ ನನಗೆ ಅಯ್ಯೋ ಅನಿಸುತ್ತದೆ. ನಾನೂ ಒಂದು ಕಾಲದಲ್ಲಿ ಅದನ್ನೇ ಮಾಡಿದವನು, ಆ ಮಾತು ಆಮೇಲೆ ಬರುತ್ತದೆ.

ಮಾಡಿದ್ದು ಹೇಗೆ

ಮೊದಲು ಮಗುಚುವ ಉಷ್ಣತೆ ಹುಡುಕಬೇಕು. ನೀರಿಗೆ ಚಿಟಿಕೆ ಉಪ್ಪು ಹಾಕಿ, ಕಲಕುತ್ತ, ನಿಧಾನಕ್ಕೆ ಬಿಸಿ ಮಾಡುತ್ತ ವಿದ್ಯುತ್ ವಾಹಕತೆ ನೋಡುತ್ತಾರೆ. ಹೊರಗೆ ನೀರಿದ್ದಾಗ ಕರೆಂಟು ಹರಿಯುತ್ತದೆ. ಮಗುಚಿ ಹೊರಗೆ ಎಣ್ಣೆ ಬಂದ ಕೂಡಲೇ ಮೀಟರಿನ ಸಂಖ್ಯೆ ಧಡಕ್ಕನೆ ಸೊನ್ನೆಯ ಹತ್ತಿರ ಬೀಳುತ್ತದೆ. ಬೀಳುವ ಜಾಗವೇ ಪಿಐಟಿ. ಇಷ್ಟು ಸರಳವಾಗಿ, ಇಷ್ಟು ಖಡಕ್ಕಾಗಿ ಉತ್ತರ ಕೊಡುವ ಪ್ರಯೋಗ ನಮ್ಮ ಕೆಲಸದಲ್ಲಿ ಕಡಿಮೆ.

ಆಮೇಲೆ ಮಿಶ್ರಣವನ್ನು ಆ ಉಷ್ಣತೆಗೆ ತಂದು, ಕಲಕುತ್ತಲೇ ಬೇಗನೆ 25 ಡಿಗ್ರಿಗೆ ಇಳಿಸಿದರು. ಬೇಗನೆ ಅನ್ನುವುದು ಸುಮ್ನೆ ಹೇಳಿದ ಮಾತಲ್ಲ. ಪಿಐಟಿ ಹತ್ತಿರ ಎಣ್ಣೆ–ನೀರು ಸೇರುವ ಮೈಯ ಬಿಗಿತ (ಇಂಟರ್‌ಫೇಶಿಯಲ್ ಟೆನ್ಷನ್) ಸಾವಿರಾರು ಪಟ್ಟು ಕಡಿಮೆಯಾಗುತ್ತದೆ. ಸ್ವಲ್ಪ ಅಲುಗಾಡಿಸಿದರೂ ಹನಿ ಒಡೆದು ಪುಡಿಯಾಗುತ್ತದೆ. ಆದರೆ ಅದೇ ಜಾಗದಲ್ಲಿ ಹನಿಗಳ ಮೇಲಿನ ಪದರಕ್ಕೆ ಗಟ್ಟಿತನವೂ ಇಲ್ಲ. ಎರಡು ಹನಿ ತಗುಲಿದರೆ ಕೂಡಿಕೊಂಡು ಒಂದಾಗಿಬಿಡುತ್ತವೆ. ಒಡೆಯುವುದೂ ಸುಲಭ, ಕೂಡುವುದೂ ಸುಲಭ. ಅಲ್ಲಿ ನಿಧಾನ ಮಾಡಿದರೆ ಗಳಿಸಿದ್ದೆಲ್ಲ ಹೋಗುತ್ತದೆ. ಅದಕ್ಕೇ ಶಿನೋಡಾ ಕಾಲದಿಂದ ಒಂದು ನಿಯಮ ಇದೆ: ಎಮಲ್ಷನ್ ಅನ್ನು ಪಿಐಟಿ ಹತ್ತಿರ ಮಾಡು, ಪಿಐಟಿಯಿಂದ ಬಹಳ ಕೆಳಗೆ ಇಟ್ಟುಕೋ. ನಡುವೆ 20–30 ಡಿಗ್ರಿಯಾದರೂ ಅಂತರ ಇರಲಿ.

ಈ ನಿಯಮ ನೆನಪಿನಲ್ಲಿರಲಿ. ಏಕೆಂದರೆ 2005ರ ಪ್ರಯೋಗದಲ್ಲಿ ಅವರು ಸಿ12ಇ4 ಜೊತೆ ಅದರ ಅಣ್ಣ ಸಿ12ಇ6 ಅನ್ನು ಬೆರೆಸಿದರು. ಆರು ಕೊಂಡಿ ಇರುವುದರಿಂದ ಅಣ್ಣನಿಗೆ ನೀರಿನ ಮೋಹ ಜಾಸ್ತಿ. ಶುದ್ಧ ನೀರಿನಲ್ಲಿ ಕರಗಿಸಿದರೆ ಸಿ12ಇ4 ಫ್ರಿಜ್‌ನ ಚಳಿ ದಾಟಿದ ಕೂಡಲೇ ಮೋಡ ಕವಿದ ಹಾಗೆ ಮಬ್ಬಾಗುತ್ತದೆ, ಸಿ12ಇ6 ಸುಮಾರು 50 ಡಿಗ್ರಿವರೆಗೂ ತಿಳಿಯಾಗಿರುತ್ತದೆ. ಹಾಗಾಗಿ ಅಣ್ಣನ ಪಾಲು ಹೆಚ್ಚಿಸಿದ ಹಾಗೆ ಪಿಐಟಿ ಮೇಲೇರುತ್ತದೆ. ಇಡುವ ಉಷ್ಣತೆ 25ರಲ್ಲೇ ಇದೆ. ಅಂದರೆ ಅಂತರ ಹೆಚ್ಚಾಯಿತು. ನಿಯಮದ ಪ್ರಕಾರ ಎಮಲ್ಷನ್ ಇನ್ನೂ ಹೆಚ್ಚು ದಿನ ಬಾಳಬೇಕು, ಅಲ್ವಾ?

ಆಗಿದ್ದು

ಎಣ್ಣೆ ಎಲ್ಲದರಲ್ಲೂ 20 ಭಾಗ. ಸರ್ಫ್ಯಾಕ್ಟಂಟ್ ಒಟ್ಟು 4 ಭಾಗ ಇದ್ದಾಗ ಹನಿಯ ತ್ರಿಜ್ಯ 60–70 ನ್ಯಾನೊಮೀಟರ್. 8 ಭಾಗ ಇದ್ದಾಗ 25–30. ಸಿ12ಇ6 ಪಾಲು ಎಷ್ಟೇ ಇರಲಿ, ಗಾತ್ರ ಹೆಚ್ಚುಕಡಿಮೆ ಅಲ್ಲೇ ನಿಂತಿತು.

ಇದು ಯಾಕೆ ಹೀಗೆ ಅಂತ ಒಂದು ಲೆಕ್ಕ ಹಾಕಿ ನೋಡಬಹುದು. 100 ಗ್ರಾಂ ಎಮಲ್ಷನ್‌ನಲ್ಲಿ 20 ಗ್ರಾಂ ಎಣ್ಣೆ, ಅಂದರೆ ಸುಮಾರು 26 ಮಿಲಿ. ಅದನ್ನು 65 ನ್ಯಾನೊಮೀಟರ್ ತ್ರಿಜ್ಯದ ಹನಿಗಳಾಗಿ ಒಡೆದರೆ ಎಲ್ಲ ಹನಿಗಳ ಮೈ ಸೇರಿ ಸುಮಾರು 1,200 ಚದರ ಮೀಟರ್. ನಮ್ಮ ಲೆಕ್ಕದಲ್ಲಿ 12 ಗುಂಟೆ. 28 ನ್ಯಾನೊಮೀಟರಿಗೆ ಇಳಿಸಿದರೆ 27 ಗುಂಟೆ ದಾಟುತ್ತದೆ. ಒಂದು ಸಣ್ಣ ಲೋಟದ ದ್ರವದೊಳಗೆ ಮುಕ್ಕಾಲು ಎಕರೆಗೆ ಸ್ವಲ್ಪವೇ ಕಡಿಮೆ ಜಾಗ! ಈ ನೆಲಕ್ಕೆಲ್ಲ ಸರ್ಫ್ಯಾಕ್ಟಂಟ್ ಹಾಸಬೇಕು. ಹಾಸು ಎರಡು ಪಟ್ಟು ಇದ್ದರೆ ಎರಡು ಪಟ್ಟು ನೆಲ ಮುಚ್ಚಬಹುದು, ಹನಿ ಅರ್ಧಕ್ಕಿಳಿಯಬಹುದು. 4ರಿಂದ 8ಕ್ಕೆ ಹೋದಾಗ ಆಗಿದ್ದು ಬಹುತೇಕ ಇದೇ. ಹಾಸಿನಲ್ಲಿ ತಮ್ಮ ಎಷ್ಟು, ಅಣ್ಣ ಎಷ್ಟು ಅನ್ನುವುದು ಗಾತ್ರಕ್ಕೆ ಅಷ್ಟು ಮುಖ್ಯವಾಗಲಿಲ್ಲ.

ಗಾತ್ರದ ಕತೆ ಅಲ್ಲಿಗೆ ಮುಗಿಯಿತು. ಬಾಳಿಕೆಯ ಕತೆ ಬೇರೆ ದಾರಿ ಹಿಡಿಯಿತು.

8 ಭಾಗದ ಸಾಲಿನಲ್ಲಿ ಸಿ12ಇ6 ಪಾಲು ಸಾಕಷ್ಟು ಬದಲಾಯಿಸಿದರೂ ಹನಿಗಳು ಒಂದೇ ಸಮನಾಗಿದ್ದವು, ಎಮಲ್ಷನ್ ಚೆನ್ನಾಗಿ ಬಾಳಿತು. 4 ಭಾಗದ ಸಾಲಿನಲ್ಲಿ ಮಾತ್ರ ಅಣ್ಣನ ಪಾಲು ಹೆಚ್ಚಿದ ಹಾಗೆ ಹನಿಗಳ ನಡುವಿನ ಏರುಪೇರು ಹೆಚ್ಚಿತು, ಬಾಳಿಕೆ ತಗ್ಗಿತು. ಪಿಐಟಿ 25 ಡಿಗ್ರಿಯಿಂದ ದೂರ ಸರಿದಷ್ಟೂ ಎಮಲ್ಷನ್ ಬೇಗ ಕೆಟ್ಟಿತು. ನಿಯಮಕ್ಕೆ ಪೂರ್ತಿ ಉಲ್ಟಾ.

ಪಾತ್ರೆಯಲ್ಲಿ ಮೊದಲೇ ಏನಿತ್ತು

ಉತ್ತರ ಸಿಕ್ಕಿದ್ದು ಎಮಲ್ಷನ್ ನೋಡಿ ಅಲ್ಲ. ಎಮಲ್ಷನ್ ಆಗುವ ಮುಂಚೆ, ಪಿಐಟಿಯಲ್ಲಿ ನಿಂತಿರುವ ಮಿಶ್ರಣವನ್ನು ನೋಡಿ. ಕಲಕುವುದನ್ನು ನಿಲ್ಲಿಸಿ, ಅದೇ ಬಿಸಿಯಲ್ಲಿ ಟ್ಯೂಬನ್ನು ಸುಮ್ಮನೆ ಇಟ್ಟರೆ ಅದು ತನಗಿಷ್ಟವಾದ ಪದರಗಳಾಗಿ ಬೇರ್ಪಡುತ್ತದೆ.

4 ಭಾಗದಲ್ಲಿ ಮೂರು ಪದರ ಬಂತು. ಕೆಳಗೆ ನೀರು, ಮೇಲೆ ಎಣ್ಣೆ, ನಡುವೆ ಒಂದು ತಿಳಿಯಾದ ಪದರ. ನಡುವಿನ ಈ ಪದರದಲ್ಲಿ ಸರ್ಫ್ಯಾಕ್ಟಂಟ್ ಬಹುಪಾಲು ಸೇರಿಕೊಂಡು, ನೀರನ್ನೂ ಎಣ್ಣೆಯನ್ನೂ ಒಟ್ಟಿಗೆ ಹಿಡಿದಿರುತ್ತದೆ. ಎರಡೂ ಹನಿಗಳಾಗಿರುವುದಿಲ್ಲ, ಸ್ಪಂಜಿನ ತೂತು ಮತ್ತು ಮೈ ಇದ್ದ ಹಾಗೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಇದನ್ನು ಮೈಕ್ರೊಎಮಲ್ಷನ್ ಅಥವಾ ಡಿ ಪದರ ಅನ್ನುತ್ತಾರೆ. ಸಿ12ಇ6 ಹೆಚ್ಚಿಸಿದ ಹಾಗೆ ಈ ಡಿ ಪದರದ ಹೊರಗೆ, ಮೇಲೆ ಉಳಿಯುವ ಎಣ್ಣೆ ಜಾಸ್ತಿಯಾಗುತ್ತ ಹೋಯಿತು.

8 ಭಾಗದಲ್ಲಿ ಪರಿಸ್ಥಿತಿ ಬೇರೆ. ತಣಿಸಲು ಶುರು ಮಾಡುವಾಗ ಅಲ್ಲಿದ್ದದ್ದು ಡಿ ಪದರ. ಎಣ್ಣೆ ಆಗಲೇ ಆ ಸ್ಪಂಜಿನೊಳಗೆ ಸೇರಿತ್ತು.

ಈಗ ಎರಡನ್ನೂ ಐಸಿಗೆ ಇಳಿಸುತ್ತೀರಿ ಅಂದುಕೊಳ್ಳಿ. ಸ್ಪಂಜಿನೊಳಗಿನ ಎಣ್ಣೆಗೆ ತಣ್ಣಗಾದ ಕೂಡಲೇ ಬೇರೆ ದಾರಿಯೇ ಇಲ್ಲ. ಪದರ ಬಾಗುತ್ತದೆ, ಹೆಣಿಗೆ ತುಂಡು ತುಂಡಾಗುತ್ತದೆ, ಒಂದೇ ಅಳತೆಯ ಹನಿಗಳು ತಾವಾಗಿ ಉದುರುತ್ತವೆ. ಕಲಕುವ ಮೋಟರಿಗೆ ಇಲ್ಲಿ ಹೆಚ್ಚು ಕೆಲಸವಿಲ್ಲ. ಹೊರಗುಳಿದ ಎಣ್ಣೆಗೆ ಈ ಭಾಗ್ಯ ಇಲ್ಲ. ಅದನ್ನು ಒಡೆಯಬೇಕಾದದ್ದು ಮೋಟರೇ. ಮೋಟರ್ ಒಡೆದ ಹನಿ ಒರಟು, ಒಂದು ದೊಡ್ಡದು, ಒಂದು ಚಿಕ್ಕದು. ಸರಾಸರಿ ಗಾತ್ರದಲ್ಲಿ ಇದು ಅಷ್ಟಾಗಿ ಕಾಣದಿರಬಹುದು. ಕಾಣುವುದು ಅಳತೆಯ ಯಂತ್ರ ಕೊಡುವ ಎರಡನೇ ಸಂಖ್ಯೆಯಲ್ಲಿ, ಗಾತ್ರದ ಏರುಪೇರು ಹೇಳುವ ಪಾಲಿಡಿಸ್ಪರ್ಸಿಟಿಯಲ್ಲಿ. ನಾವು ಅದನ್ನು ರಿಪೋರ್ಟಿನಲ್ಲಿ ಬರೆಯುತ್ತೇವೆ, ಆದರೆ ಎಷ್ಟು ಜನ ಅದನ್ನು ನೋಡಿ ಹೌಹಾರುತ್ತೇವೆ?

ಏರುಪೇರು ಇದ್ದರೆ ಏನು ತೊಂದರೆ? ಇಲ್ಲಿ ಆಸ್ಟ್‌ವಾಲ್ಡ್ ರೈಪನಿಂಗ್ ಬರುತ್ತದೆ. ದೊಡ್ಡ ಮೀನು ಸಣ್ಣ ಮೀನನ್ನು ನುಂಗಿದ ಹಾಗಲ್ಲ ಇದು. ಸಣ್ಣ ಮೀನು ತಾನೇ ಕರಗಿ, ನೀರಿನಲ್ಲಿ ಹಾದು, ದೊಡ್ಡ ಮೀನಿನ ಹೊಟ್ಟೆ ಸೇರಿದ ಹಾಗೆ. ಹನಿ ಚಿಕ್ಕದಾದಷ್ಟೂ ಒಳಗಿನ ಒತ್ತಡ ಹೆಚ್ಚು, ಅದರಿಂದ ಎಣ್ಣೆ ನೀರಿಗೆ ಸ್ವಲ್ಪ ಹೆಚ್ಚು ಕರಗುತ್ತದೆ. ಕರಗಿದ್ದು ಒತ್ತಡ ಕಡಿಮೆ ಇರುವ ದೊಡ್ಡ ಹನಿಯಲ್ಲಿ ನೆಲೆಸುತ್ತದೆ. ಹನಿಗಳು ಒಂದನ್ನೊಂದು ಮುಟ್ಟುವುದೇ ಬೇಡ. ಹಾಗಾಗಿ ಪಿಐಟಿಯಿಂದ ದೂರ ಇಡುವ ನಿಯಮ ಇಲ್ಲಿ ಪೂರ್ತಿ ಕಾಯುವುದಿಲ್ಲ. ಆ ನಿಯಮ ಇರುವುದು ಹನಿಗಳು ತಗುಲಿ ಕೂಡಿಕೊಳ್ಳುವುದನ್ನು ತಡೆಯಲು.

ಯಾವ ರೋಗ ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ದಿನ ಕಳೆದ ಹಾಗೆ ತ್ರಿಜ್ಯ ಅಳೆಯುತ್ತ ಹೋಗಿ, ತ್ರಿಜ್ಯದ ಘನವನ್ನು ಕಾಲದ ಎದುರು ಗೆರೆ ಎಳೆಯಿರಿ. ನೇರ ಗೆರೆ ಬಂದರೆ ಆಸ್ಟ್‌ವಾಲ್ಡ್. 1961ರಲ್ಲಿ ಲಿಫ್‌ಶಿಟ್ಸ್ ಮತ್ತು ಸ್ಲ್ಯೋಜೊವ್, ಹಾಗೇ ವಾಗ್ನರ್, ಬೇರೆ ಬೇರೆಯಾಗಿ ಕೊಟ್ಟ ಸೂತ್ರ ಇದಕ್ಕೆ ಆಧಾರ. ಬಾರ್ಸಿಲೋನಾದವರು 2002ರಲ್ಲೇ ಈ ಎಮಲ್ಷನ್‌ಗಳ ರೋಗ ಆಸ್ಟ್‌ವಾಲ್ಡ್ ಅಂತ ಗುರುತಿಸಿದ್ದರು. ನೀರಿನಲ್ಲಿ ಹೆಚ್ಚು ಕರಗುವ ಎಣ್ಣೆ ಬಳಸಿದರೆ ಬೇಗ ಕೆಡುತ್ತದೆ ಅಂತಲೂ ತೋರಿಸಿದ್ದರು.

2002ರ ಫಲಿತಾಂಶದಲ್ಲಿ ಇನ್ನೊಂದು ಮಾತಿತ್ತು. ಸಿ12ಇ4 ಒಂದನ್ನೇ ಬಳಸಿ ಅದರ ಪ್ರಮಾಣ ಹೆಚ್ಚಿಸಿದರೆ ಎಮಲ್ಷನ್ ಬೇಗ ಕೆಡುತ್ತದೆ ಅಂತ. 2005ರಲ್ಲಿ ನೋಡಿದರೆ 8 ಭಾಗದ್ದೇ ಚೆನ್ನಾಗಿ ಬಾಳಿದೆ. ಓದುವಾಗ ನಾನು ಇಲ್ಲಿ ತಡವರಿಸಿದೆ. ನನ್ನ ಅರ್ಥ ಹೀಗೆ: ಸರ್ಫ್ಯಾಕ್ಟಂಟ್ ಎರಡು ಕಡೆ ಕೆಲಸ ಮಾಡುತ್ತದೆ. ತಣಿಸುವ ಮುಂಚೆ ಎಣ್ಣೆಯನ್ನೆಲ್ಲ ಸ್ಪಂಜಿನೊಳಗೆ ಸೇರಿಸುವುದು ಅದರ ಒಳ್ಳೆಯ ಕೆಲಸ. ತಣಿಸಿದ ಮೇಲೆ, ಹನಿಗಳಿಗೆ ಹಾಸಿ ಮಿಕ್ಕಿದ್ದು ನೀರಿನಲ್ಲಿ ಅಡ್ಡಾಡುತ್ತ ಎಣ್ಣೆಯನ್ನು ಹನಿಯಿಂದ ಹನಿಗೆ ಸಾಗಿಸಲು ನೆರವಾಗುವುದು ಕೆಟ್ಟ ಕೆಲಸ. ಹನಿ ಚಿಕ್ಕದಾದರೆ ಒಳಗಿನ ಒತ್ತಡವೂ ಏರುತ್ತದೆ. ಅಣ್ಣ ಬಂದು ಮೂರು ಪದರ ಮಾಡಿಬಿಡುವ ಜಾಗದಲ್ಲಿ ಒಳ್ಳೆಯ ಕೆಲಸದ ಬೆಲೆ ಜಾಸ್ತಿ. ಮೊದಲಿನಿಂದಲೂ ಎಣ್ಣೆ ಹೊರಗುಳಿಯದ ಜಾಗದಲ್ಲಿ ಕೆಟ್ಟ ಕೆಲಸವೇ ಎದ್ದು ಕಾಣುತ್ತದೆ. ಇದು ನನ್ನ ಓದು, ಅವರ ಮಾತಲ್ಲ.

ನಮ್ಮ ಬೆಂಚಿನ ಮೇಲೆ

ಈ ಪ್ರಕರಣವನ್ನು ಹಾಗೇ ಎತ್ತಿ ತಂದು ಕೊಬ್ಬರಿ ಎಣ್ಣೆಗೋ ಬೇವಿನ ಎಣ್ಣೆಗೋ ಹಚ್ಚಲು ಆಗುವುದಿಲ್ಲ. ಅವರ ಎಣ್ಣೆಗಳು ಪೆಟ್ರೋಲಿಯಂ ಜಾತಿಯವು, ಸರಳ ಸರಪಳಿ. ನಮ್ಮ ಗಾಣದ ಎಣ್ಣೆಗಳು ಟ್ರೈಗ್ಲಿಸರೈಡ್. ಅಣು ದೊಡ್ಡದು, ಸರ್ಫ್ಯಾಕ್ಟಂಟಿನ ಬಾಲದೊಳಗೆ ಸುಲಭವಾಗಿ ನುಸುಳುವುದಿಲ್ಲ, ಪಿಐಟಿ ಮೇಲೆ ಮೇಲೆ ಹೋಗುತ್ತದೆ. ಓದುವ ಕಾಲದಲ್ಲಿ ನಾನು ಟ್ವೀನ್ 80 ಎಂಬ ಸರ್ಫ್ಯಾಕ್ಟಂಟ್ ಮತ್ತು ಒಂದು ಅಡುಗೆ ಎಣ್ಣೆ ಇಟ್ಟುಕೊಂಡು ವಾಹಕತೆಯ ಮೀಟರ್ ಬೀಳಲಿ ಅಂತ ಕಾಯುತ್ತ ಕೂತಿದ್ದೆ. ಎಚ್‌ಎಲ್‌ಬಿ ಚಾರ್ಟ್ ನೋಡಿ ಆರಿಸಿದ್ದು. ಉಷ್ಣತೆ 90 ದಾಟಿತು, ನೀರು ಕುದಿಯಲು ಹತ್ತಿರವಾಯಿತು, ಮೀಟರ್ ಮಾತ್ರ ಅಲ್ಲೇ. ಟ್ವೀನ್ 80ರಲ್ಲಿ ಸುಮಾರು ಇಪ್ಪತ್ತು ಎಥಿಲೀನ್ ಆಕ್ಸೈಡ್ ಕೊಂಡಿ ಇವೆ. ಅಷ್ಟು ನೀರಿನ ಮೋಹ ಇರುವ ತಲೆ ಅಷ್ಟು ಬಿಸಿಗೂ ಸೊರಗಲಿಲ್ಲ. ಮಧ್ಯಾಹ್ನವೆಲ್ಲ ಹೋಯಿತು, ಸಿಕ್ಕಿದ್ದು ಸಾಮಾನ್ಯ ಬಿಳಿ ಎಮಲ್ಷನ್.

ಈ ತೊಡಕಿಗೆ ಫ್ರಾನ್ಸಿನ ಆಂಝೆ ನಗರದವರು 2002ರಲ್ಲಿ ಒಂದು ಜಾಣ ದಾರಿ ತೋರಿಸಿದ್ದರು. ಮಧ್ಯಮ ಉದ್ದದ ಸರಪಳಿಯ ಟ್ರೈಗ್ಲಿಸರೈಡ್, ಸೊಲುಟಾಲ್ ಎಚ್‌ಎಸ್ 15 ಎಂಬ ಸರ್ಫ್ಯಾಕ್ಟಂಟ್, ಸ್ವಲ್ಪ ಲೆಸಿಥಿನ್, ಮತ್ತು ಉಪ್ಪು. ಉಪ್ಪು ನೀರನ್ನು ತನ್ನ ಕಡೆ ಎಳೆದುಕೊಳ್ಳುವುದರಿಂದ ತಲೆಗಳು ಬೇಗ ಸೊರಗುತ್ತವೆ, ಪಿಐಟಿ ಕೆಳಗಿಳಿಯುತ್ತದೆ. 85 ಮತ್ತು 60 ಡಿಗ್ರಿ ನಡುವೆ ಮೂರು ಸಲ ಏರಿಸಿ ಇಳಿಸಿ, ಕೊನೆಗೆ ಐಸ್ ತಣ್ಣನೆಯ ನೀರು ಸುರಿದುಬಿಡುತ್ತಾರೆ. ತಣಿಸುವುದೂ ತೆಳುವಾಗಿಸುವುದೂ ಒಂದೇ ಏಟಿಗೆ.

ಇನ್ನೊಂದು ವಿಷಯ ನಮ್ಮ ಕಡೆಯ ಬಿಸಿಲಿನದು. ಬಾರ್ಸಿಲೋನಾದ ಪ್ರಯೋಗದಲ್ಲಿ ಸೀಸೆಗಳು ಕೂತದ್ದು 25 ಡಿಗ್ರಿಯಲ್ಲಿ. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್–ಮೇ ಬಂದರೆ ನೆರಳಿನಲ್ಲೇ 40 ದಾಟುತ್ತದೆ, ತಗಡಿನ ಗೋಡೌನಿನ ಒಳಗೆ ಕೇಳುವುದೇ ಬೇಡ. ಪಿಐಟಿ 45 ಇರುವ ಎಮಲ್ಷನ್ ಬೆಂಗಳೂರಿನ ಲ್ಯಾಬ್‌ನಲ್ಲಿ ಆರು ತಿಂಗಳು ಚೆನ್ನಾಗಿದ್ದರೆ ಅದರಿಂದ ಕಲಬುರಗಿಯ ಅಂಗಡಿಯವರಿಗೆ ಏನೂ ಸಿಗುವುದಿಲ್ಲ. ಅಲ್ಲಿ ಸೀಸೆ ಹೆಚ್ಚುಕಡಿಮೆ ಮಗುಚುವ ಉಷ್ಣತೆಯಲ್ಲೇ ಕೂತಿರುತ್ತದೆ. ಹಾಗಾದರೆ ಪಿಐಟಿ ಏರಿಸಲು ಹೆಚ್ಚು ಕೊಂಡಿಯ ಸರ್ಫ್ಯಾಕ್ಟಂಟ್ ಬೆರೆಸೋಣ ಅನ್ನುತ್ತೀರಿ. ಬೆರೆಸಬೇಕು, ಬೇರೆ ದಾರಿ ಕಡಿಮೆ. ಆದರೆ ಒಟ್ಟು ಪ್ರಮಾಣ ಹಾಗೇ ಇಟ್ಟು ಬೆರೆಸಿದರೆ ಎಣ್ಣೆ ಸ್ಪಂಜಿನಿಂದ ಹೊರಬೀಳುತ್ತದೆ, ಬಿಸಿಲಿನಿಂದ ಉಳಿಸಲು ಹೋಗಿ ಆಸ್ಟ್‌ವಾಲ್ಡ್‌ಗೆ ಒಪ್ಪಿಸಿದ ಹಾಗಾಗುತ್ತದೆ. ಬೆರೆಸುವಾಗಲೇ ಒಟ್ಟು ಪ್ರಮಾಣವನ್ನೂ ಏರಿಸಬೇಕು. ಮೈಗೆ ಹಚ್ಚುವ ವಸ್ತುವಾದರೆ ಅದಕ್ಕೂ ಒಂದು ಮಿತಿ ಇದೆ, ಸರ್ಫ್ಯಾಕ್ಟಂಟ್ ಜಾಸ್ತಿಯಾದರೆ ಚರ್ಮ ಉರಿಯುತ್ತದೆ.

ಈಗ ಹೊಸ ಮಿಶ್ರಣ ಬಂದರೆ ನಾನು ಹನಿ ಅಳೆಯುವ ಯಂತ್ರದ ಹತ್ತಿರ ಮೊದಲು ಹೋಗುವುದಿಲ್ಲ. ವಾಹಕತೆಯಿಂದ ಪಿಐಟಿ ಹುಡುಕಿ, ಬಿಗಿ ಮುಚ್ಚಳದ ಟ್ಯೂಬನ್ನು ಅದೇ ಬಿಸಿಯ ತೊಟ್ಟಿಯಲ್ಲಿ ಇಟ್ಟು ಮನೆಗೆ ಹೋಗುತ್ತೇನೆ. ಬೆಳಿಗ್ಗೆ ಬಂದು ಮೇಲೆ ಎಣ್ಣೆಯ ಪದರ ನಿಂತಿದೆಯಾ ಅಂತ ನೋಡುತ್ತೇನೆ. ನಿಂತಿದ್ದರೆ ಮಾರ್ಕರ್‌ನಲ್ಲಿ ಒಂದು ಗೆರೆ. ಮುಂದಿನ ಟ್ಯೂಬಿಗೆ ಅರ್ಧ ಭಾಗ ಸರ್ಫ್ಯಾಕ್ಟಂಟ್ ಜಾಸ್ತಿ, ಇನ್ನೊಂದು ರಾತ್ರಿ. ಗೆರೆ ಎಳೆಯಲು ಏನೂ ಉಳಿಯದ ಟ್ಯೂಬ್ ಸಿಕ್ಕಿದ ದಿನವೇ ಐಸ್ ತರಿಸುತ್ತೇನೆ.